ಬೋಹರಿ ಆಳಿಯ ಗಮ್‌ಬೂಟು, ಕೈಗವಸು: ತೊಗರಿ, ಜೋಳ ಎರಡೂ ಸುಗ್ಗಿ ಮುಗಿಸಿ ಬಂದು ಬರೆದದ್ದು

ನಮ್ಮ ಅವ್ವನ ಪಾದದ ಅಳತೆ ನಾಲ್ಕು. ಪುಣೆಯಲ್ಲಿ ನಾಲ್ಕನೇ ನಂಬರಿನ ಗಮ್‌ಬೂಟು ಹುಡುಕೋದರಲ್ಲೇ ನನಗೆ ಅರ್ಧ ದಿನ ಹೋಯಿತು.

ನಾನಿರುವುದು ಪಿಂಪ್ರಿಯಲ್ಲಿ. ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ. ತವರು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಆರು ಎಕರೆ ಎರೆ ಹೊಲ, ಎರಡು ಎಕರೆ ತೊಗರಿ, ಉಳಿದದ್ದು ಬಿಳಿ ಜೋಳ. ಅಪ್ಪನಿಗೆ ಅರವತ್ತೆಂಟು. ಸುಗ್ಗಿ ಹೊತ್ತಿಗೆ ಊರಲ್ಲಿ ಆಳು ಸಿಗುವುದಿಲ್ಲ, ಅರ್ಧ ಊರು ಕಬ್ಬು ಕಡಿಯಲು ಹೋಗಿರುತ್ತದೆ. ಹಾಗಾಗಿ ನಾಲ್ಕು ವರ್ಷದಿಂದ ಜನವರಿಯಲ್ಲಿ ತೊಗರಿಗೆ ಒಂದು ವಾರ, ಫೆಬ್ರವರಿ ಕೊನೆಯಲ್ಲಿ ಜೋಳಕ್ಕೆ ಹತ್ತು ದಿನ ರಜೆ ಹಾಕಿ ಹೋಗುತ್ತೇನೆ. ಸೊಲ್ಲಾಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಈ ಸಲ ಬರಿಗೈಲಿ ಹೋಗಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ.

ಯಾಕೆ ಅಂದರೆ, ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಹೊಲದಲ್ಲಿ ಜೋಳದ ಸಿವುಡು ಎತ್ತುತ್ತಿದ್ದ ಹೆಣ್ಣುಮಗಳಿಗೆ ಕೊಳಕುಮಂಡಲ ಕಚ್ಚಿತು. ಕಾಲಿನ ಗೆಣ್ಣಿನ ಹತ್ತಿರ. ನಾನು ಐವತ್ತು ಹೆಜ್ಜೆ ದೂರದಲ್ಲಿದ್ದೆ. ಯಾರೋ ಹಗ್ಗ ತಂದು ಬಿಗಿಯಾಗಿ ಕಟ್ಟಿಬಿಟ್ಟರು, ಬೇಡ ಅನ್ನಲು ನನಗೂ ಆಗ ಗೊತ್ತಿರಲಿಲ್ಲ. ವಿಜಯಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಬದುಕಿ ಬಂದಳು. ಆ ಕಾಲು ಇವತ್ತಿಗೂ ಸಂಜೆಯಾದರೆ ಊದುತ್ತದೆ. ಕಾಲಲ್ಲಿ ಆಗ ಅವಳಿಗೆ ಇದ್ದದ್ದು ಸವೆದ ಹವಾಯಿ ಚಪ್ಪಲಿ.

ಬೋಹರಿ ಆಳಿ ಗೊತ್ತಿಲ್ಲದವರಿಗೆ: ರವಿವಾರ ಪೇಠೆಯ ಇಕ್ಕಟ್ಟು ಓಣಿ. ಹಗ್ಗ, ಸರಪಳಿ, ತಾಡಪತ್ರಿ, ರಾಟೆ, ಮೊಳೆ, ಕೈಗವಸು, ಏನು ಬೇಕಾದರೂ ಸಿಗುತ್ತದೆ. ನಾನು ಪಿಂಪ್ರಿಯಲ್ಲಿ ಮೆಟ್ರೊ ಹತ್ತಿ ಮಂಡಈ ನಿಲ್ದಾಣದಲ್ಲಿ ಇಳಿದು ನಡೆದು ಹೋದೆ. ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಇಲ್ಲ. ಮೊದಲ ನಾಲ್ಕು ಅಂಗಡಿಯಲ್ಲಿ ಬೂಟು ಆರನೇ ನಂಬರಿನಿಂದ, ಇಲ್ಲವೇ ಏಳರಿಂದ ಶುರು. ಒಬ್ಬರಂತೂ, ಹೆಂಗಸರು ಗಮ್‌ಬೂಟು ಹಾಕುವುದಿಲ್ಲ ತಾಯಿ, ತರಿಸಿ ಏನು ಮಾಡೋಣ ಅಂದರು. ನನಗೆ ಬೇಜಾರಾಯಿತು. ನಮ್ಮ ಹೊಲದಲ್ಲಿ ಜೋಳ ಕೀಳಲು ಬರುವ ಹತ್ತು ಜನರಲ್ಲಿ ಎಂಟು ಜನ ಹೆಣ್ಣುಮಕ್ಕಳು. ಬಗ್ಗಿ ಕೀಳುವವರು ಅವರು, ಸಿವುಡು ಕಟ್ಟುವವರು ಅವರು, ಮಷಿನ್ನಿಗೆ ತೆನೆ ತುಂಬಿ ಕೊಡುವವರೂ ಅವರೇ. ಅವರ ಪಾದಕ್ಕೆ ಬೂಟೇ ಇಲ್ಲ ಅಂದರೆ ಹೇಗೆ?

ಐದನೇ ಅಂಗಡಿಯ ಹಿರಿಯರು ಮಾತ್ರ ಕೂತು ಕೇಳಿದರು. ಎಲ್ಲಿ ಹಾಕುತ್ತೀರಿ, ಎಂಥ ನೆಲ, ನೀರಿದೆಯೋ ಒಣ ಹೊಲವೋ, ಎಲ್ಲಾ ಕೇಳಿದರು. ನನ್ನ ಮರಾಠಿ ಅಷ್ಟಕ್ಕಷ್ಟೇ, ಆದರೂ ತಾಳ್ಮೆ ಕಳಕೊಳ್ಳಲಿಲ್ಲ. ಹುಡುಗನನ್ನು ಅಟ್ಟಕ್ಕೆ ಹತ್ತಿಸಿದರು. ಧೂಳು ಹಿಡಿದ ರಟ್ಟಿನ ಡಬ್ಬಿಯಿಂದ ಐದನೇ ನಂಬರಿನ ಎರಡು ಜೊತೆ, ನಾಲ್ಕನೇ ನಂಬರಿನ ಒಂದೇ ಒಂದು ಜೊತೆ ಕೆಳಗೆ ಬಂತು. ಮೂರನ್ನೂ ತಗೊಂಡೆ, ಜೊತೆಗೆ ಅಪ್ಪನಿಗೆ ಎಂಟನೇ ನಂಬರು. ಒಂದು ಜೊತೆಗೆ 480 ರೂಪಾಯಿಯಂತೆ. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಬೂಟು ಹೇಗಿದೆ ಅಂದರೆ, ಕಪ್ಪು ಪಿವಿಸಿ, ಮೊಣಕಾಲಿಗೆ ನಾಲ್ಕು ಬೆರಳು ಕೆಳಗಿನವರೆಗೆ ಬರುತ್ತದೆ, ಒಳಗೆ ತೆಳ್ಳಗಿನ ಬಟ್ಟೆ. ಜೋಳಕ್ಕೆ ಇದು ಬಹಳ ಒಳ್ಳೆಯದು. ಎರೆ ಹೊಲ ಫೆಬ್ರವರಿಯಲ್ಲಿ ಒಣಗಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿರುತ್ತದೆ. ಇಲಿ ಆ ಬಿರುಕಿನಲ್ಲಿ, ಇಲಿಯ ಹಿಂದೆ ಹಾವು. ಕಿತ್ತು ಹಾಕಿದ ಸಿವುಡು ಎರಡು ದಿನ ನೆಲದಲ್ಲಿ ಬಿದ್ದರೆ ಅದರ ಅಡಿ ತಂಪು ಅಂತ ಬಂದು ಮಲಗುತ್ತದೆ. ಈ ಸಲವೂ ಒಂದು ಕಂಡೆವು. ಅಣ್ಣ ಮೊದಲು ಕವಲು ಕೋಲಿನಿಂದ ಸಿವುಡು ಹೊರಳಿಸಿದ, ಅಡಿಯಲ್ಲಿ ಸುರುಳಿ ಸುತ್ತಿದ ಕಂದು ಬಣ್ಣದ ಹಾವು ಕುಕ್ಕರಿನ ಹಾಗೆ ಬುಸುಗುಟ್ಟಿತು. ಮೈಮೇಲೆ ಸರಪಳಿ ಹಾಗೆ ಮಚ್ಚೆ. ಕೊಳಕುಮಂಡಲವೇ. ಎಲ್ಲರೂ ಹಿಂದೆ ಸರಿದು ನಿಂತೆವು, ಅದು ತಾನಾಗಿ ಬದುವಿನ ಕಡೆ ಹೋಯಿತು. ಅವ್ವ ತನ್ನ ಬೂಟು ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು. ಅಷ್ಟು ದಿನ "ಕಾಲು ಬೇಯ್ತದ, ಯಾಕ ಬೇಕು ಇದು" ಅನ್ನುತ್ತಿದ್ದವಳು ಆವತ್ತಿನಿಂದ ಬೆಳಿಗ್ಗೆ ನನಗಿಂತ ಮೊದಲು ಬೂಟು ಹಾಕಿ ಕೂಡುತ್ತಿದ್ದಳು.

ಬೂಟು ಇದ್ದರೆ ಹಾವು ಕಚ್ಚುವುದೇ ಇಲ್ಲ ಅಂತ ಹೇಳುತ್ತಿಲ್ಲ. ಕೈಗೂ ಕಚ್ಚುತ್ತದೆ, ಅದಕ್ಕೇ ಸಿವುಡಿನ ಅಡಿ ಕೈ ಹಾಕುವ ಮೊದಲು ಕೋಲು ಬೇಕೇ ಬೇಕು. ಆದರೆ ಹೊಲದಲ್ಲಿ ಜಾಸ್ತಿ ಕಚ್ಚುವುದು ಪಾದಕ್ಕೆ, ಗೆಣ್ಣಿಗೆ, ಮೀನಖಂಡದ ಕೆಳಗೆ. ಅಷ್ಟನ್ನು ಈ ಬೂಟು ಮುಚ್ಚುತ್ತದೆ. ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಅಂತ 2020ರಲ್ಲಿ ಬಂದ ಅಧ್ಯಯನದ ಅಂದಾಜು. ಹೆಚ್ಚಿನವರು ನಮ್ಮಂಥ ಹಳ್ಳಿಯವರೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಇಟ್ಟು, ಮಂತ್ರ ಹಾಕಿಸುವವರ ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧ. ಹಾಫ್‌ಕಿನ್ ಸಂಸ್ಥೆಯವರು ಅದನ್ನು ನಮ್ಮ ಪಿಂಪ್ರಿಯಲ್ಲೇ ತಯಾರಿಸುತ್ತಾರೆ. ಆ ಕಡೆ ಹಾದು ಹೋಗುವಾಗೆಲ್ಲ ನನಗೆ ಪಕ್ಕದ ಹೊಲದ ಅವಳ ನೆನಪಾಗುತ್ತದೆ.

ಈಗ ಬೂಟಿನ ದೋಷ. ತೊಗರಿಗೆ ಇದು ಸಾಲದು. ತೊಗರಿಯನ್ನು ಕುಡುಗೋಲಿನಿಂದ ಓರೆಯಾಗಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆ ಈಟಿ ಇದ್ದ ಹಾಗೆ ಇರುತ್ತದೆ. ಹೆಬ್ಬೆರಳು ದಪ್ಪ, ಒಣಗಿದ ಗಟ್ಟಿ ಕಟ್ಟಿಗೆ. ಮೂರನೇ ದಿನ ಹೊರೆ ಹೊತ್ತು ಬರುವಾಗ ನನ್ನ ಬಲಗಾಲು ಒಂದು ಕೂಳೆ ಮೇಲೆ ಬಿತ್ತು. ಹೊರೆಯ ಭಾರ, ನನ್ನ ಭಾರ ಎರಡೂ ಸೇರಿ ಕೂಳೆ ಅಟ್ಟೆ ದಾಟಿ ಒಳಗೆ ಬಂತು. ಪಾದಕ್ಕೆ ಚುಚ್ಚಿ ರಕ್ತ ಬಂತು, ಜಾಸ್ತಿ ಆಳ ಹೋಗಲಿಲ್ಲ. ಚಪ್ಪಲಿ ಆಗಿದ್ದರೆ ಇನ್ನೂ ಆಳ ಹೋಗುತ್ತಿತ್ತು ಅನ್ನುವುದು ನಿಜ. ಆದರೆ ಹೊಲಕ್ಕೆ ಅಂತ ಕೇಳಿ ತಂದ ಬೂಟು ಅದು. ಅದೇ ಸಂಜೆ ಧನುರ್ವಾಯು ಸೂಜಿ ಹಾಕಿಸಿಕೊಂಡು ಬಂದೆ.

ಇನ್ನೊಂದು, ಸೆಕೆ. ಮಧ್ಯಾಹ್ನ ಹನ್ನೆರಡರ ಮೇಲೆ ಒಳಗೆ ಬೆವರು ನಿಲ್ಲುತ್ತದೆ. ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ, ಬುತ್ತಿ ಉಣ್ಣುವಾಗ ಬೂಟು ಬಿಚ್ಚಿ ಗಾಳಿಗೆ ಇಡಿ. ಸೀರೆ ಉಟ್ಟವರು ನಿರಿಗೆ ಎತ್ತಿ ಕಟ್ಟಿ ಒಳಗೆ ಅಣ್ಣತಮ್ಮಂದಿರ ಹಳೆ ಪ್ಯಾಂಟು ಹಾಕಿದರೆ ಬೂಟಿನ ಅಂಚು ಮೀನಖಂಡ ತರಚುವುದಿಲ್ಲ. ಅವ್ವನಿಗೆ ಎರಡನೇ ದಿನವೇ ತರಚಿತ್ತು, ಆಮೇಲೆ ಹಾಗೆ ಮಾಡಿದೆವು.

ಬೆಳಿಗ್ಗೆ ಹಾಕಿಕೊಳ್ಳುವ ಮೊದಲು ಬೂಟನ್ನು ತಲೆಕೆಳಗೆ ಹಿಡಿದು ನೆಲಕ್ಕೆ ಬಡಿಯಿರಿ. ಇದನ್ನು ಮರೆಯಲೇಬೇಡಿ. ಜೋಳದ ಸುಗ್ಗಿಯ ಐದನೇ ದಿನ ಅಪ್ಪನ ಎಡಗಾಲಿನ ಬೂಟಿನಿಂದ ಕೆಂಪು ಚೇಳು ಬಿತ್ತು. ಕಿರುಬೆರಳಿಗಿಂತ ಸ್ವಲ್ಪ ಉದ್ದ, ಕೊಂಡಿ ಎತ್ತಿಕೊಂಡೇ ಓಡಿತು. ಆಫೀಸಿನ ಮಹಾಡದ ಗೆಳತಿಗೆ ಹೇಳಿದಾಗ ಅವಳ ಮುಖ ಸಣ್ಣಗಾಯಿತು. ಕೊಂಕಣದಲ್ಲಿ ಕೆಂಪು ಚೇಳು ಕುಟುಕಿ ಸತ್ತವರ ಕಥೆ ಅವಳು ಚಿಕ್ಕಂದಿನಿಂದ ಕೇಳಿದ್ದಾಳೆ. ಅವಳ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರೇ ಪ್ರಾಜೋಸಿನ್ ಅನ್ನುವ ಸಾಮಾನ್ಯ ಮಾತ್ರೆ ಇದಕ್ಕೆ ಕೆಲಸ ಮಾಡುತ್ತದೆ ಅಂತ ತೋರಿಸಿ ಎಷ್ಟೋ ಜೀವ ಉಳಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೇಳು ತಾನೇ ಅಂತ ಸುಮ್ನೆ ಕೂರಬೇಡಿ. ಬೆವರು ಕಿತ್ತುಕೊಂಡು ಬಂದು ಉಸಿರು ಹಿಡಿದರೆ ತಕ್ಷಣ ಡಾಕ್ಟರ ಹತ್ತಿರ ಓಡಬೇಕು.

ಕೈಗವಸಿಗೆ ಬರುತ್ತೇನೆ. ಅದೇ ಅಂಗಡಿಯಲ್ಲಿ ಎರಡು ಥರ ತಗೊಂಡೆ. ಒಂದು, ಹೆಣೆದ ಬಟ್ಟೆಗೆ ಅಂಗೈ ಕಡೆ ರಬ್ಬರು ಬಳಿದದ್ದು, ಜೊತೆಗೆ 70 ರೂಪಾಯಿ, ಆರು ಜೊತೆ. ನಮ್ಮ ಕಡೆ ಹಿಂಗಾರಿ ಜೋಳವನ್ನು ಕೊಯ್ಯುವುದಕ್ಕಿಂತ ಬೇರು ಸಮೇತ ಕೀಳುವುದೇ ಜಾಸ್ತಿ, ಕಣಕಿ ದನಕ್ಕೆ ಪೂರ್ತಿ ಸಿಗಲಿ ಅಂತ. ದಿನಕ್ಕೆ ಸಾವಿರಾರು ದಂಟು ಎಳೆಯುವಾಗ ಅಂಗೈ ಮೊದಲು ಕೆಂಪಾಗುತ್ತದೆ, ಆಮೇಲೆ ಬೊಬ್ಬೆ, ಮೂರನೇ ದಿನ ಬೊಬ್ಬೆ ಒಡೆದು ರೊಟ್ಟಿ ಮುರಿಯಲೂ ಆಗುವುದಿಲ್ಲ. ಜೋಳದ ಗರಿಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಈ ಸಲ ಅಷ್ಟು ದಿನ ಕಿತ್ತೂ ನನ್ನ ಅಂಗೈಯಲ್ಲಿ ಒಂದು ಬೊಬ್ಬೆ ಇಲ್ಲ. ಕೂಲಿಗೆ ಬಂದ ಹೆಣ್ಣುಮಕ್ಕಳು ಮೊದಲ ದಿನ ಬೇಡ ಅಂದರು, ಎರಡನೇ ದಿನ ಒಬ್ಬಳು ಕೇಳಿದಳು, ಮೂರನೇ ದಿನ ಆರೂ ಜೊತೆ ಖಾಲಿ. ಹನ್ನೆರಡು ಜೊತೆ ತರಬೇಕಿತ್ತು. ಏಳೆಂಟು ದಿನಕ್ಕೆ ರಬ್ಬರು ಸವೆಯುತ್ತದೆ. 70 ರೂಪಾಯಿಗೆ ಅದು ಸಾಕು.

ಎರಡನೆಯದು ಬ್ಲೇಡು ತಡೆಯುವ ಬೂದು ಬಣ್ಣದ ಕೈಗವಸು, 260 ರೂಪಾಯಿ. ತೊಗರಿ ಕೊಯ್ಯುವಾಗ ಎಡಗೈಗೆ ಮಾತ್ರ ಹಾಕಿಕೊಂಡೆ, ಗಿಡ ಹಿಡಿಯುವ ಕೈಗೆ. ಕುಡುಗೋಲು ಜಾರಿ ಎರಡು ಸಲ ಬೆರಳಿಗೆ ತಾಗಿತು. ಎರಡು ಸಲವೂ ದಾರ ಸ್ವಲ್ಪ ಎದ್ದು ಬಂತು, ಬೆರಳು ಉಳಿಯಿತು.

ಆದರೆ ತೆನೆಯಿಂದ ಕಾಳು ಬಿಡಿಸುವ ರಾಶಿ ಮಷಿನ್ನಿನ ಹತ್ತಿರ ಹೋಗುವ ಮೊದಲು ಎಲ್ಲರ ಕೈಯಿಂದ ಈ ಎರಡೂ ಥರದ ಗವಸು ಬಿಚ್ಚಿಸಿದೆ. ಅಂಗಡಿಯವರು ಈ ಮಾತು ಹೇಳಲಿಲ್ಲ, ಪೊಟ್ಟಣದ ಮೇಲೂ ಬರೆದಿರಲಿಲ್ಲ. ಹೇಳಬೇಕಿತ್ತು. ತಿರುಗುವ ಯಂತ್ರದ ಹತ್ತಿರ ಸಡಿಲ ಗವಸು ಕೈ ಕಾಯುವುದಿಲ್ಲ. ಅದರ ಒಂದು ದಾರ ಸಿಕ್ಕಿದರೂ ಯಂತ್ರ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ.

ನನಗೆ ಇದು ಗೊತ್ತಿರುವುದು ನಮ್ಮ ದೊಡ್ಡವ್ವನಿಂದ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಬಾಡಿಗೆ ಮಷಿನ್ನಿಗೆ ತೆನೆ ಕೊಡುತ್ತಿದ್ದ ದೊಡ್ಡವ್ವನ ಬಲಗೈ ಒಳಗೆ ಹೋಯಿತು. ಕೈಗೆ ಬಿಗಿಯಾಗಲಿ ಅಂತ ಅಂಗೈಗೆ ಹಳೆ ಬಟ್ಟೆ ಸುತ್ತಿಕೊಂಡಿದ್ದಳು. ತೆನೆ ಸಿಕ್ಕಿಹಾಕಿಕೊಂಡಿತು ಅಂತ ಸ್ವಲ್ಪ ಒತ್ತಿದಳು, ಅಷ್ಟೇ. ನಾಲ್ಕು ಬೆರಳು ಹೋದವು. ಆ ಮಷಿನ್ನಿನ ಬಾಯಿ ಒಂದು ಗೇಣು ಉದ್ದವೂ ಇರಲಿಲ್ಲ. ಆಮೇಲೆ ಮೂವತ್ತು ವರ್ಷ ಎಡಗೈಯಲ್ಲೇ ರೊಟ್ಟಿ ಬಡಿದಳು. ನಾವು ಹೋದರೆ ಇವತ್ತಿಗೂ ರೊಟ್ಟಿ ಅವಳೇ ಮಾಡಬೇಕು, ಬೇರೆಯವರನ್ನು ಒಲೆ ಹತ್ತಿರ ಬಿಡುವುದಿಲ್ಲ.

ಈ ಸಲ ಬೋಹರಿ ಆಳಿಯಿಂದ ಬರುವಾಗ 50 ರೂಪಾಯಿಯ ಅಳತೆ ಟೇಪು ಒಂದು ತಂದಿದ್ದೆ. ಇಷ್ಟೆಲ್ಲಾ ಕೊಂಡದ್ದರಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಯಾಕೆ ಅಂದರೆ ರಾಶಿ ಮಷಿನ್ನಿನ ಸುರಕ್ಷತೆಗೆ ನಮ್ಮ ದೇಶದಲ್ಲಿ ಮಾನಕ ಇದೆ, ಐಎಸ್ 9020. ತೆನೆ ಹಾಕುವ ದೋಣಿ ಕಡಿಮೆ ಅಂದರೂ 900 ಮಿಲಿಮೀಟರ್ ಉದ್ದ ಇರಬೇಕು, ಅದರಲ್ಲಿ ಒಳಗಿನ 450 ಮಿಲಿಮೀಟರ್ ಮೇಲಿನಿಂದ ಮುಚ್ಚಿರಬೇಕು. ಅಷ್ಟು ಉದ್ದ ಇದ್ದರೆ ಕೈ ಚಾಚಿದರೂ ಹಲ್ಲಿಗೆ ತಲುಪುವುದಿಲ್ಲ, ಅದೇ ಲೆಕ್ಕ. 1983ರಲ್ಲೇ ಕೇಂದ್ರ ಸರ್ಕಾರ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿ ರಾಶಿ ಮಷಿನ್ನನ್ನು ಅದರಲ್ಲಿ ಸೇರಿಸಿತು. ಕಾಯ್ದೆ ಬಂದ ಎಷ್ಟೋ ವರ್ಷದ ಮೇಲೆ ನಮ್ಮ ದೊಡ್ಡವ್ವನ ಕೈ ಹೋಯಿತು.

ಮೊದಲು ಬಂದ ಮಷಿನ್ನಿಗೆ ಟೇಪು ಹಿಡಿದೆ. ಮುಚ್ಚಿದ ಭಾಗ ಬರೀ ಇನ್ನೂರು. ಯಾರೋ ತೆನೆ ಬೇಗ ಹೋಗಲಿ ಅಂತ ಮುಂದಿನ ತಗಡು ಕತ್ತರಿಸಿದ್ದರು, ಕತ್ತರಿಸಿದ ಅಂಚು ಹಾಗೇ ಕಾಣುತ್ತಿತ್ತು. ಟ್ರ್ಯಾಕ್ಟರಿನ ಶಕ್ತಿಯನ್ನು ಮಷಿನ್ನಿಗೆ ಸಾಗಿಸುವ ತಿರುಗು ಸಲಾಕೆಗೆ, ಅಂದರೆ ಪಿಟಿಒ ಶಾಫ್ಟಿಗೆ, ಮುಚ್ಚಳವೇ ಇಲ್ಲ. ಆ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಸೆರಗು ಸಿಕ್ಕರೆ ಅಯ್ಯೋ ಅನ್ನುವ ಮೊದಲೇ ಎಲ್ಲಾ ಮುಗಿದಿರುತ್ತದೆ. ಬೇಡ ಅಂದೆ. ಅಪ್ಪನಿಗೆ ಸಿಟ್ಟು ಬಂತು. ಮೋಡ ಬೇರೆ ಆಗಿತ್ತು, ಕಣದಲ್ಲಿ ತೆನೆ ಬಿದ್ದಿತ್ತು, ಮಷಿನ್ನು ವಾಪಸು ಹೋದರೆ ಮತ್ತೆ ಸಿಗುವುದು ಯಾವಾಗ? ಮಳೆ ಬಿದ್ದರೆ ಜೋಳ ಕಪ್ಪಾಗುತ್ತದೆ, ಅವರ ಚಿಂತೆ ನನಗೂ ಅರ್ಥವಾಗುತ್ತಿತ್ತು. ಆಗ ಅವ್ವ ಒಂದೇ ಮಾತು ಹೇಳಿದಳು: "ಅಕ್ಕನ ಕೈ ನೋಡಿ ಬಾ." ಅಪ್ಪ ಮಾತಾಡಲಿಲ್ಲ. ತಾಡಪತ್ರಿ ಮುಚ್ಚಿ ಎರಡು ದಿನ ಕಾದೆವು. ಎರಡನೇ ಮಷಿನ್ನು ಬಂತು, ದೋಣಿ ಸರಿಯಾಗಿತ್ತು, ಶಾಫ್ಟಿಗೂ ಮುಚ್ಚಳ ಇತ್ತು. ಚೀಲಕ್ಕೆ ಸ್ವಲ್ಪ ಜಾಸ್ತಿ ಕೇಳಿದರು, ಕೊಟ್ಟೆವು. ಸೆರಗು ಇದ್ದವರು ಮೇಲೆ ಗಂಡಸರ ಅಂಗಿ ಹಾಕಿ ಗುಂಡಿ ತುಂಬಿದರು, ಜಡೆಯನ್ನು ಅಂಗಿಯೊಳಗೆ ಸೇರಿಸಿ ತಲೆಗೆ ಬಟ್ಟೆ ಬಿಗಿದರು, ಬಳೆ ತೆಗೆದಿಟ್ಟರು. ರಾತ್ರಿ ಓಡಿಸಬೇಡಿ ಅಂತ ಮೊದಲೇ ಹೇಳಿದ್ದೆವು. ಸಂಜೆ ಆರಕ್ಕೆ ನಿಲ್ಲಿಸಿ ಮರುದಿನ ಮುಗಿಸಿದೆವು.

ಅಂಗಡಿಯಿಂದ ತಂದ ಉಳಿದ ಎರಡು ಸಾಮಾನಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕನ್ನಡಕ 80 ರೂಪಾಯಿಯದು, ಬೇಡವೇ ಬೇಡ. ಹತ್ತು ನಿಮಿಷಕ್ಕೆ ಒಳಗೆ ಹಬೆ ಹಿಡಿದು ಏನೂ ಕಾಣುವುದಿಲ್ಲ, ಮಷಿನ್ನಿನ ಮುಂದೆ ಕಾಣದೆ ನಿಲ್ಲುವುದು ಇನ್ನೂ ಅಪಾಯ. ಎನ್‌95 ಮಾಸ್ಕು ಮಾತ್ರ ಬಹಳ ಚೆನ್ನಾಗಿದೆ. ಜೋಳದ ಸುಂಕು ಮೂಗಿಗೆ, ಗಂಟಲಿಗೆ ಹೋದರೆ ರಾತ್ರಿಯೆಲ್ಲಾ ಕೆಮ್ಮು. ಅಪ್ಪ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹದಿನೈದು ದಿನ ಕೆಮ್ಮುತ್ತಿದ್ದರು, ಈ ಸಲ ಎರಡೇ ದಿನ.

ಪುಣೆಗೆ ಬಂದ ಮೇಲೆ ಚುಚ್ಚಿದ ಬೂಟು ಹಿಡಕೊಂಡು ಅದೇ ಅಂಗಡಿಗೆ ಹೋದೆ. ಹಿರಿಯರು ತೂತಿನೊಳಗೆ ಬೆರಳಿಟ್ಟು ನೋಡಿದರು. ಇದಕ್ಕೆ ಗ್ಯಾರಂಟಿ ಇಲ್ಲ ಅಂದರು, ಹಣ ವಾಪಸು ಕೊಡಲಿಲ್ಲ. ಆದರೆ ತಪ್ಪು ತಮ್ಮದೂ ಇದೆ ಅಂತ ಒಪ್ಪಿಕೊಂಡರು. ಒಣ ಹೊಲ ಅಂದಾಗ ಏನು ಬೆಳೆ ಅಂತ ಕೇಳಬೇಕಿತ್ತು ಅಂದರು. ತೊಗರಿ ಕೂಳೆಗೆ ಅಟ್ಟೆಯೊಳಗೆ ಸ್ಟೀಲ್ ತಗಡು ಇರುವ ಬೂಟೇ ಬೇಕು. ತೋರಿಸಿದರು, ಜೊತೆಗೆ 950, ತೂಕ ಸ್ವಲ್ಪ ಜಾಸ್ತಿ, ಆದರೆ ಅಟ್ಟೆಗೆ ಮೊಳೆ ಇಟ್ಟು ಸುತ್ತಿಗೆಯಿಂದ ಬಡಿದರೂ ಒಳಗೆ ಬರಲಿಲ್ಲ. ನನ್ನ ಮುಂದೆಯೇ ಬಡಿದರು. ಕೈಗವಸು ಮಾರುವಾಗ ಮಷಿನ್ನಿನ ಮಾತು ಹೇಳಿ ಅಂತ ಕೇಳಿಕೊಂಡೆ. ದೊಡ್ಡವ್ವನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ರಟ್ಟಿನ ತುಂಡಿನ ಮೇಲೆ ಮರಾಠಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗವಸಿನ ಬುಟ್ಟಿಗೆ ಸಿಕ್ಕಿಸಿದರು.

ಸ್ಟೀಲ್ ತಗಡಿನ ಬೂಟು ಆರಕ್ಕಿಂತ ಸಣ್ಣ ಅಳತೆಯಲ್ಲಿ ಅವರಲ್ಲಿ ಇಲ್ಲ. ನಾಲ್ಕು, ಐದು ನಂಬರು ಸೇರಿ ಆರು ಜೊತೆ ಬೇಕು ಅಂದರೆ ತರಿಸಿಕೊಡುತ್ತೇನೆ ಅಂದಿದ್ದಾರೆ. ಅವ್ವನಿಗೆ ಒಂದು, ನನಗೆ ಒಂದು, ಪಕ್ಕದ ಹೊಲದ ಅವಳಿಗೆ ಒಂದು, ಪಿಂಪ್ರಿಯಲ್ಲೇ ಇರುವ ಜತ್ತ ಕಡೆಯ ಗೆಳತಿಯ ಅತ್ತೆಗೆ ಒಂದು. ನಾಲ್ಕಾಯಿತು. ಪುಣೆಯಲ್ಲಿದ್ದು ಸುಗ್ಗಿಗೆ ಊರಿಗೆ ಹೋಗುವವರು ಯಾರಾದರೂ ಇದ್ದರೆ ಎಳ್ಳಮಾವಾಸ್ಯೆ ಒಳಗೆ ಹೇಳಿ. ಇನ್ನೂ ಎರಡು ಜೊತೆ ಬೇಕು.